ಕ್ಯೂ ಮೇಲೆ ಗದ್ದ ಇಟ್ಟಾಗ ಕನ್ನಡಕ ಯಾಕೆ ಕೈಕೊಡುತ್ತದೆ? ಸ್ನೂಕರ್ ಆಡುವವರಿಗೆ ಲೆನ್ಸ್ ಲೆಕ್ಕಾಚಾರ

ಕನ್ನಡಕ ಹಾಕಿ ಸ್ನೂಕರ್ ಆಡುವವರ ದೂರು ಹೆಚ್ಚುಕಮ್ಮಿ ಒಂದೇ. ನಿಂತು ನೋಡಿದರೆ ಚೆಂಡಿನ ಅಂಚು ಸ್ಪಷ್ಟ, ಕ್ಯೂ (ಚೆಂಡು ಹೊಡೆಯುವ ಕೋಲು) ಮೇಲೆ ಗದ್ದ ಇಟ್ಟು ಬಗ್ಗಿದರೆ ಅದೇ ಚೆಂಡು ಮಸುಕು. ಮತ್ತೆ ಪರೀಕ್ಷೆ ಮಾಡಿಸಿದರೆ 6/6, ಪವರ್ ಸರಿಯಿದೆ ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಪರೀಕ್ಷೆ ಮಾಡಿದ್ದು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಕೂತು ಎದುರು ನೋಡುವಾಗ. ಆಡುವುದು ಮುಖ ನೆಲಕ್ಕೆ ವಾಲಿಸಿ, ಹುಬ್ಬಿನ ಕೆಳಗಿನಿಂದ ಮೇಲಕ್ಕೆ ಕಣ್ಣು ಎತ್ತಿ. ಈ ಎರಡು ಭಂಗಿಗಳಲ್ಲಿ ಕಣ್ಣು ಲೆನ್ಸಿನ ಬೇರೆ ಬೇರೆ ಜಾಗದಿಂದ ನೋಡುತ್ತದೆ. ಸ್ನೂಕರ್ ಆಟಗಾರನ ದೃಷ್ಟಿ ಸಮಸ್ಯೆಯ ಬಹುಪಾಲು ಇಲ್ಲೇ ಇದೆ.

ಕಣ್ಣುಗುಡ್ಡೆ ತಿರುಗುವ ಕೇಂದ್ರದಿಂದ ಕನ್ನಡಕದ ಲೆನ್ಸಿಗೆ ಸುಮಾರು 27 ಮಿ.ಮೀ. ದೂರ. ಕಣ್ಣು 30 ಡಿಗ್ರಿ ಮೇಲಕ್ಕೆ ತಿರುಗಿದರೆ ನೋಟ ಲೆನ್ಸನ್ನು ದಾಟುವ ಜಾಗ ಸುಮಾರು 15 ಮಿ.ಮೀ. ಮೇಲೇರುತ್ತದೆ. ಈಗಿನ ಫ್ಯಾಷನ್ ಫ್ರೇಮುಗಳ ಲೆನ್ಸಿನ ಎತ್ತರ 35ರಿಂದ 38 ಮಿ.ಮೀ. ಇದ್ದರೆ ಹೆಚ್ಚು. ಅಂದರೆ ನೋಟ ಹೋಗಿ ತಾಗುವುದು ಸರಿಯಾಗಿ ಮೇಲಿನ ಅಂಚಿಗೆ. ಅರ್ಧ ಚೆಂಡು ಲೆನ್ಸಿನ ಒಳಗಿನಿಂದ, ಅರ್ಧ ಫ್ರೇಮಿನ ಹೊರಗಿನಿಂದ. ಬೆವರಿಗೆ ಕನ್ನಡಕ ಮೂಗಿನ ಮೇಲೆ 2 ಮಿ.ಮೀ. ಜಾರಿದರೂ ಸಾಕು, ಲೆನ್ಸ್ ಇದ್ದೂ ಇಲ್ಲದಂತೆ. ಏಪ್ರಿಲ್-ಮೇ ತಿಂಗಳ ಮಂಗಳೂರಲ್ಲಿ ಜಾರದ ಕನ್ನಡಕ ಯಾವುದುಂಟು ಮಾರಾಯ್ರೆ?

ಫ್ರೇಮ್ ದೊಡ್ಡದಿದ್ದರೆ ಅಂಚಿನ ತೊಂದರೆ ತಪ್ಪುತ್ತದೆ, ಉಳಿದವು ತಪ್ಪುವುದಿಲ್ಲ. ಲೆನ್ಸಿನ ಮಧ್ಯಬಿಂದು ಬಿಟ್ಟು ನೋಡಿದಷ್ಟೂ ಅದು ಪ್ರಿಸಂನಂತೆ ವರ್ತಿಸಿ ನೋಟವನ್ನು ಬಾಗಿಸುತ್ತದೆ. ಲೆಕ್ಕ ಸುಲಭ: ಮಧ್ಯಬಿಂದುವಿನಿಂದ ಸರಿದ ದೂರವನ್ನು ಸೆಂಟಿಮೀಟರಿನಲ್ಲಿ ಹಿಡಿದು ಪವರ್‌ನಿಂದ ಗುಣಿಸಿದರೆ ಪ್ರಿಸಂ ಪ್ರಮಾಣ ಸಿಗುತ್ತದೆ. ಮೈನಸ್ 5 ಪವರ್, 1.5 ಸೆಂ.ಮೀ. ಮೇಲೆ ನೋಡಿದರೆ 7.5 ಪ್ರಿಸಂ. ಒಂದು ಪ್ರಿಸಂ ಎಂದರೆ ಒಂದು ಮೀಟರ್ ದೂರದಲ್ಲಿ 1 ಸೆಂ.ಮೀ. ಪಲ್ಲಟ, ಹಾಗಾಗಿ 3 ಮೀಟರ್ ಆಚೆಯ ಚೆಂಡು ಇರುವುದಕ್ಕಿಂತ 22 ಸೆಂ.ಮೀ. ಕೆಳಗಿದ್ದಂತೆ ಕಾಣುತ್ತದೆ.

ಮೇಲೆ ಕೆಳಗೆ ಸರಿದರೆ ಗುರಿಗೇನು ನಷ್ಟ, ಎಡ-ಬಲ ಸರಿಯಿದ್ದರೆ ಸಾಕಲ್ಲ ಎನ್ನಬಹುದು. ಎಲ್ಲವೂ ಒಟ್ಟಿಗೆ ಒಂದೇ ಅಳತೆಯಲ್ಲಿ ಸರಿದಿದ್ದರೆ ನಿಜಕ್ಕೂ ನಷ್ಟವಿರಲಿಲ್ಲ. ಆದರೆ ಹತ್ತಿರದ ಕ್ಯೂ ಕಾಣುವುದು ಲೆನ್ಸಿನ ಒಂದು ಬಿಂದುವಿನಿಂದ, ದೂರದ ಕೆಂಪು ಚೆಂಡು ಕಾಣುವುದು ಇನ್ನೊಂದು ಬಿಂದುವಿನಿಂದ. ಮುಖ ಒಂದಿಷ್ಟು ಓರೆಯಾಗಿದ್ದರೆ ಎರಡೂ ಅಡ್ಡಕ್ಕೂ ಬೇರೆ ಬೇರೆ ಪ್ರಮಾಣದಲ್ಲಿ ಸರಿಯುತ್ತವೆ. ನೇರವಾಗಿರುವ ಕ್ಯೂ ಸ್ವಲ್ಪ ಬಾಗಿದಂತೆ ಕಂಡು, ಕೈ ಅದನ್ನು ‘ಸರಿಪಡಿಸಲು’ ಹೋಗುತ್ತದೆ. ಎರಡು ಕಣ್ಣುಗಳ ಪವರ್ ಬೇರೆ ಬೇರೆಯಾದರಂತೂ ಕಷ್ಟವೇ. ಬಲ ಮೈನಸ್ 5, ಎಡ ಮೈನಸ್ 3 ಇದ್ದರೆ ಅದೇ 1.5 ಸೆಂ.ಮೀ. ಎತ್ತರದಲ್ಲಿ ಎರಡು ಕಣ್ಣುಗಳ ನಡುವೆ 3 ಪ್ರಿಸಂ ವ್ಯತ್ಯಾಸ. ಮೇಲೆ ಕೆಳಗಿನ ಇಷ್ಟು ವ್ಯತ್ಯಾಸವನ್ನು ಬಹಳ ಮಂದಿಯ ಕಣ್ಣು ಸಹಿಸುವುದಿಲ್ಲ; ಚೆಂಡು ಎರಡಾಗಿ ಕಾಣಬಹುದು, ಇಲ್ಲವೇ ಮೆದುಳು ಒಂದು ಕಣ್ಣಿನ ಚಿತ್ರವನ್ನೇ ಬದಿಗಿಡಬಹುದು.

ಇದರ ಮೇಲೆ ಓರೆಯ ತೊಂದರೆ. ಲೆನ್ಸ್ ನೋಟಕ್ಕೆ ಅಡ್ಡವಾಗಿ ನೆಟ್ಟಗೆ ನಿಲ್ಲದೆ 30 ಡಿಗ್ರಿ ವಾಲಿದರೆ, ಮೈನಸ್ 4 ಪವರ್ ಸೂತ್ರದ ಪ್ರಕಾರ ಸುಮಾರು ಮೈನಸ್ 4.33 ಆಗಿ, ಜೊತೆಗೆ 1.33ರಷ್ಟು ಇಲ್ಲದ ಸಿಲಿಂಡರ್ (ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವ ಪವರ್) ಹುಟ್ಟಿಕೊಳ್ಳುತ್ತದೆ. ಲೆನ್ಸಿನ ಬಾಗನ್ನು ಚೆನ್ನಾಗಿ ವಿನ್ಯಾಸ ಮಾಡಿದ್ದರೆ ಈ ದೋಷ ತಗ್ಗುತ್ತದೆ. ಆದರೆ ಸಾಮಾನ್ಯ ಫ್ರೇಮಿನ ಕೆಳಭಾಗ ಕೆನ್ನೆಯ ಕಡೆಗೆ 8ರಿಂದ 12 ಡಿಗ್ರಿ ವಾಲಿರುತ್ತದೆ. ಓದಲು, ನಡೆಯಲು ಅದು ಒಳ್ಳೆಯದು. ಸ್ನೂಕರಿಗೆ ಸರಿಯಾಗಿ ತದ್ವಿರುದ್ಧ.

ಎಷ್ಟು ಪವರ್ ಇದ್ದರೆ ತಲೆಕೆಡಿಸಿಕೊಳ್ಳಬೇಕು?

ಸ್ನೂಕರ್ ಟೇಬಲ್ಲಿನ ಆಟದ ಅಂಗಳ 3569 ಮಿ.ಮೀ. ಉದ್ದ, 1778 ಮಿ.ಮೀ. ಅಗಲ, ಚೆಂಡಿನ ವ್ಯಾಸ 52.5 ಮಿ.ಮೀ. ಬಗ್ಗಿದ ಆಟಗಾರನ ಕಣ್ಣಿಗೆ ಬಿಳಿ ಚೆಂಡು ಮುಕ್ಕಾಲು ಮೀಟರಿನ ಆಸುಪಾಸು, ಹೊಡೆಯಬೇಕಾದ ಚೆಂಡು ಸಾಮಾನ್ಯವಾಗಿ ಮೂರು-ಮೂರೂವರೆ ಮೀಟರಿನ ಒಳಗೆ. ಇದು 6 ಮೀಟರಿನ ಅಕ್ಷರಫಲಕದ ದೂರವಲ್ಲ, ಕೈಯಲ್ಲಿ ಹಿಡಿದ ಪೇಪರಿನ ದೂರವೂ ಅಲ್ಲ.

ಮೈನಸ್ 0.50 ಇರುವವರಿಗೆ ಕನ್ನಡಕವಿಲ್ಲದೆಯೇ 2 ಮೀಟರ್ ತನಕ ಸ್ಪಷ್ಟ. 3 ಮೀಟರಿನಲ್ಲಿ ಬಾಕಿ ಉಳಿಯುವ ದೋಷ 0.17 ಡಯಾಪ್ಟರ್ (ಪವರಿನ ಅಳತೆ) ಮಾತ್ರ. ಅಂಥವರು ಟೇಬಲ್ ಬಳಿ ಕನ್ನಡಕ ತೆಗೆದಿಟ್ಟು ಆಡಿದರೂ ನಡೆಯುತ್ತದೆ. ಮೈನಸ್ 1 ಆದರೆ ಕಥೆ ಬೇರೆ. 3 ಮೀಟರಿನಲ್ಲಿ 0.67 ಡಯಾಪ್ಟರ್ ಬಾಕಿ; ಪಾಪೆ 4 ಮಿ.ಮೀ. ತೆರೆದಿದ್ದರೆ ಪ್ರತಿಯೊಂದು ಬಿಂದುವೂ ಆ ದೂರದಲ್ಲಿ ಸುಮಾರು 8 ಮಿ.ಮೀ. ಅಗಲದ ಮಸುಕು ಚುಕ್ಕೆಯಾಗುತ್ತದೆ. 52.5 ಮಿ.ಮೀ. ಚೆಂಡಿನ ಅಂಚಿನಲ್ಲಿ 8 ಮಿ.ಮೀ. ಮಂಜು ಇದ್ದರೆ, ಕಾಲು ಚೆಂಡಿಗಷ್ಟೇ ತಾಗುವ ತೆಳು ಕಟ್ (ಓರೆ ಹೊಡೆತ) ಹೊಡೆಯುವಾಗ ಅಂಚು ಎಲ್ಲಿದೆ ಎನ್ನುವುದೇ ಅಂದಾಜು.

ಸಿಲಿಂಡರ್ ಇದ್ದರೆ ಅದರ ಆಕ್ಸಿಸ್, ಅಂದರೆ ದಿಕ್ಕು ಹೇಳುವ ಡಿಗ್ರಿ, ನೋಡಿಕೊಳ್ಳಿ. ಚೀಟಿಯಲ್ಲಿ ಮೈನಸ್ ಸಿಲಿಂಡರ್ ಮುಂದೆ ಆಕ್ಸಿಸ್ 90ರ ಸುತ್ತಮುತ್ತ ಇದ್ದರೆ, ಆ ಸಿಲಿಂಡರ್ ಬಿಟ್ಟಾಗ ಮಸುಕಾಗುವುದು ನಿಂತ ಗೆರೆಗಳು, ಅಂದರೆ ಚೆಂಡಿನ ಎಡ ಮತ್ತು ಬಲದ ಅಂಚು. ಗುರಿ ಹಿಡಿಯುವುದೇ ಆ ಅಂಚಿನಿಂದ. ಆಕ್ಸಿಸ್ 180ರ ಹತ್ತಿರವಿದ್ದರೆ ಮಸುಕಾಗುವುದು ಚೆಂಡಿನ ತಲೆ ಮತ್ತು ಬುಡ. ಸ್ನೂಕರಿನಲ್ಲಿ ಅದರ ಕಿರಿಕಿರಿ ಕಡಿಮೆ. ಕಾಂಟ್ಯಾಕ್ಟ್ ಲೆನ್ಸ್ ಕೊಡುವಾಗ ಸಣ್ಣ ಸಿಲಿಂಡರನ್ನು ಅರ್ಧ ಮಾಡಿ ಮುಖ್ಯ ಪವರಿಗೆ ಸೇರಿಸಿಬಿಡುವ ರೂಢಿ ಅಂಗಡಿಗಳಲ್ಲಿದೆ. ದಿನಬಳಕೆಗೆ ಅದು ಸಾಕು. ಆಕ್ಸಿಸ್ 90ರ ಹತ್ತಿರ 0.75 ಅಥವಾ ಹೆಚ್ಚು ಸಿಲಿಂಡರ್ ಇರುವ ಸ್ನೂಕರ್ ಆಟಗಾರ ಅದಕ್ಕೆ ಒಪ್ಪಬಾರದು, ಸಿಲಿಂಡರ್ ಸೇರಿಸಿದ ಟೋರಿಕ್ ಲೆನ್ಸನ್ನೇ ಕೇಳಬೇಕು.

ಕಾಂಟ್ಯಾಕ್ಟ್ ಲೆನ್ಸ್: ಹೆಚ್ಚಿನವರಿಗೆ ಇದೇ ದಾರಿ

ಕಾರಣ ಸರಳ. ಕಣ್ಣು ತಿರುಗಿದ ಕಡೆ ಲೆನ್ಸೂ ತಿರುಗುತ್ತದೆ. ಅಂಚಿಲ್ಲ, ಓರೆಯಿಲ್ಲ, ಎರಡು ಕಣ್ಣಿನ ಪವರ್ ಬೇರೆಯಿದ್ದರೂ ಪ್ರಿಸಂ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ಟೇಬಲ್ ಮೇಲಿನ ದೀಪದ ಪ್ರತಿಫಲನ ಲೆನ್ಸಿನ ಹಿಂಬದಿಯಿಂದ ಕಣ್ಣಿಗೆ ಹೊಡೆಯುವ ಕಾಟವೂ ಇಲ್ಲ.

ಪವರ್ ಮಾತ್ರ ಕನ್ನಡಕದ್ದನ್ನೇ ಹಾಗೆಯೇ ಬರೆಸಬಾರದು. ಕನ್ನಡಕ ಕಣ್ಣಿನಿಂದ 12 ಮಿ.ಮೀ. ದೂರ ಇರುತ್ತದೆ, ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನ ಮೇಲೆಯೇ. ಮೈನಸ್ 4ರ ತನಕ ವ್ಯತ್ಯಾಸ ಚಿಕ್ಕದು. ಮೈನಸ್ 6 ಇದ್ದರೆ ಲೆನ್ಸಿಗೆ ಬೇಕಾದ್ದು ಸುಮಾರು ಮೈನಸ್ 5.60, ಅಂದರೆ ಪೆಟ್ಟಿಗೆಯಲ್ಲಿ ಸಿಗುವ 5.50 ಅಥವಾ 5.75. ಈ ಲೆಕ್ಕ ಬಿಟ್ಟು ಕನ್ನಡಕದ ನಂಬರಿಗೇ ಆನ್‌ಲೈನ್‌ನಲ್ಲಿ ಲೆನ್ಸ್ ತರಿಸಿಕೊಂಡರೆ ಮೈನಸ್ ಜಾಸ್ತಿಯಾಗುತ್ತದೆ. ಇಪ್ಪತ್ತರ ವಯಸ್ಸಿನ ಕಣ್ಣು ಅದನ್ನು ಹೊತ್ತುಕೊಳ್ಳುತ್ತದೆ, ನಲವತ್ತೈದರ ಕಣ್ಣು ಆಟದ ಮೂರನೇ ಫ್ರೇಮ್ (ಸುತ್ತು) ಹೊತ್ತಿಗೆ ನೋಯುತ್ತದೆ. ಪ್ಲಸ್ ಪವರಿನವರಿಗೆ ಲೆಕ್ಕ ತಿರುಗುಮುರುಗು: ಲೆನ್ಸಿಗೆ ಕನ್ನಡಕಕ್ಕಿಂತ ಸ್ವಲ್ಪ ಹೆಚ್ಚು ಬೇಕು.

ಯಾವ ಬಗೆ? ಬಹುತೇಕ ಆಟಗಾರರಿಗೆ ದಿನಕ್ಕೊಂದರಂತೆ ಎಸೆಯುವ ಮೆತ್ತನೆಯ ಲೆನ್ಸ್. ವಾರಕ್ಕೆ ಮೂರು ದಿನ ಆಡುವವರಿಗೆ ಒಂದು ಕಣ್ಣಿನ 30ರ ಪೆಟ್ಟಿಗೆ ಹತ್ತು ವಾರ ಬರುತ್ತದೆ, ಹಾಗಾಗಿ ‘ಡೈಲಿ ದುಬಾರಿ’ ಎನ್ನುವ ಮಾತು ಅವರ ಪಾಲಿಗೆ ಅಷ್ಟು ನಿಜವಲ್ಲ. ತಿಂಗಳ ಲೆನ್ಸಿನ ಗಡುವು ಎಣಿಕೆಯಾಗುವುದು ತೆರೆದ ದಿನದಿಂದ. ನಾಲ್ಕೇ ಸಲ ಹಾಕಿದ್ದೇನೆ ಎಂದು ಎರಡು ತಿಂಗಳು ಎಳೆಯುವಂತಿಲ್ಲ.

ಗಟ್ಟಿ ಲೆನ್ಸ್ ಅಕ್ಷರಗಳನ್ನು ತುಂಬ ಚುರುಕಾಗಿ ತೋರಿಸುತ್ತದೆ. ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಅಂಕುಡೊಂಕಾಗಿರುವ ಕೆರಟೋಕೋನಸ್ ಇರುವವರಿಗೆ ಅದೇ ಗತಿಯೂ ಹೌದು. ಆದರೆ 9ರಿಂದ 10 ಮಿ.ಮೀ. ವ್ಯಾಸದ ಆ ಲೆನ್ಸ್ ಕಣ್ಣಿನ ಮೇಲೆ ಓಡಾಡುತ್ತದೆ. ಕಣ್ಣು ಮೇಲೆತ್ತಿದಾಗ ಲೆನ್ಸ್ ಕೆಳಗೆ ಉಳಿದು ಅದರ ಅಂಚು ಪಾಪೆಯ ಹತ್ತಿರ ಬರಬಹುದು. ಚಾಕ್ ಧೂಳಿನ ಒಂದು ಕಣ ಅಡಿಗೆ ಹೊಕ್ಕರೆ ಆ ಫ್ರೇಮ್ ಮುಗಿದಂತೆಯೇ. ಅನಿವಾರ್ಯವಿದ್ದವರು ಬಿಳಿಗುಡ್ಡೆಯ ಮೇಲೆ ಕೂರುವ ದೊಡ್ಡ ಸ್ಕ್ಲೀರಲ್ ಲೆನ್ಸ್ ಬಗ್ಗೆ ವಿಚಾರಿಸಬಹುದು. ಅದು ಅಲುಗಾಡುವುದಿಲ್ಲ, ಧೂಳೂ ಸುಲಭಕ್ಕೆ ಒಳಗೆ ಹೋಗುವುದಿಲ್ಲ.

ಟೋರಿಕ್ ಲೆನ್ಸಿನಲ್ಲಿ ಕೈಕೊಡುವುದು ತಿರುಗುವಿಕೆ. ಲೆನ್ಸ್ ತನ್ನ ಜಾಗದಿಂದ 10 ಡಿಗ್ರಿ ತಿರುಗಿದರೆ ಸಿಲಿಂಡರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸರಿಯಾಗದೆ ಉಳಿಯುತ್ತದೆ, 2.00 ಸಿಲಿಂಡರಿಗೆ ಸುಮಾರು 0.70. 30 ಡಿಗ್ರಿ ತಿರುಗಿದರೆ ಹಾಕಿದ್ದೂ ಒಂದೇ ಬಿಟ್ಟದ್ದೂ ಒಂದೇ. ಲೆನ್ಸನ್ನು ಜಾಗದಲ್ಲಿ ಹಿಡಿದಿಡುವುದು ಮುಖ್ಯವಾಗಿ ರೆಪ್ಪೆ. ಬಗ್ಗಿ ಮೇಲೆ ನೋಡುವಾಗ ರೆಪ್ಪೆಯ ಹಿಡಿತ ಬದಲಾಗುತ್ತದೆ, ಮಿಟುಕಿಸುವುದೂ ಕಡಿಮೆಯಾಗುತ್ತದೆ. ಆದ್ದರಿಂದ ಟ್ರಯಲ್ ಲೆನ್ಸ್ ಹಾಕಿ 15-20 ನಿಮಿಷ ಬಿಟ್ಟು, ಸ್ಲಿಟ್ ಲ್ಯಾಂಪ್ ಎಂಬ ಪರೀಕ್ಷಾ ಯಂತ್ರದಲ್ಲಿ ಲೆನ್ಸಿನ ಮೇಲಿನ ಗುರುತು ನೋಡಿದರೆ ಸಾಲದು. ಕ್ಯೂ ಹಿಡಿದಂತೆ ಬಗ್ಗಿ, ಹತ್ತಿಪ್ಪತ್ತು ಸೆಕೆಂಡ್ ಮೇಲೆ ನೋಡಿ, ಎದ್ದ ಕೂಡಲೇ ಮತ್ತೆ ಗುರುತು ನೋಡಿಸಿ. ಪರೀಕ್ಷಕರಿಗೆ ವಿಚಿತ್ರ ಅನ್ನಿಸಬಹುದು, ಅನ್ನಿಸಲಿ. ಮಣಿಪಾಲದಲ್ಲಿ ಆಪ್ಟೊಮೆಟ್ರಿ ಪದವಿಯೇ ಇರುವುದರಿಂದ ಇಂಥದ್ದನ್ನು ಸಮಾಧಾನದಿಂದ ಕೂತು ನೋಡಬಲ್ಲ ಆಪ್ಟೊಮೆಟ್ರಿಸ್ಟರು ಉಡುಪಿ-ಮಂಗಳೂರು ಕಡೆ ಸಿಗುವುದು ಕಷ್ಟವಲ್ಲ. ಹೋಗುವಾಗ ಟೇಬಲ್ಲಿನ ಅಳತೆ, ನಿಮ್ಮ ಕಣ್ಣಿಂದ ಬಿಳಿ ಚೆಂಡಿನ ದೂರ, ಬಗ್ಗಿ ನಿಂತಾಗ ಎದುರಿನಿಂದ ತೆಗೆದ ಒಂದು ಫೋಟೊ ಮೊಬೈಲಿನಲ್ಲಿ ಇರಲಿ.

ಎರಡನೇ ಶತ್ರು ಒಣಗುವಿಕೆ. ಸಾಮಾನ್ಯವಾಗಿ ನಿಮಿಷಕ್ಕೆ 12-15 ಸಲ ಮಿಟುಕಿಸುವ ಕಣ್ಣು ಗುರಿಯಲ್ಲಿ ಮುಳುಗಿದಾಗ ಅದರ ಅರ್ಧಕ್ಕೂ ಇಳಿಯುತ್ತದೆ. ಮೇಲೆ ನೋಡುವಾಗ ರೆಪ್ಪೆ ಅಗಲವಾಗಿ ತೆರೆಯುವುದರಿಂದ ಕಣ್ಣೀರು ಆರುವ ಮೈ ದೊಡ್ಡದಾಗುತ್ತದೆ, ಸಾಲದ್ದಕ್ಕೆ ಎ.ಸಿ. ಗಾಳಿ. ಆರೋಗ್ಯವಂತ ಕಣ್ಣಿನ ಮೇಲೆ ಕಣ್ಣೀರ ಪದರ 10 ಸೆಕೆಂಡಿಗೂ ಹೆಚ್ಚು ಒಡೆಯದೆ ನಿಲ್ಲುತ್ತದೆ. ಲೆನ್ಸ್ ಮೇಲೆ ಅದಕ್ಕಿಂತ ಬೇಗ ಒಡೆಯುತ್ತದೆ. ಬಗ್ಗಿ, ನಾಲ್ಕಾರು ಸಲ ಕ್ಯೂ ಆಡಿಸಿ, ಹೊಡೆಯುವಷ್ಟರಲ್ಲಿ ಎಂಟು-ಹತ್ತು ಸೆಕೆಂಡ್ ಕಳೆದಿರುತ್ತದೆ. ಚೆಂಡು ಮಸುಕಾಗುವುದು ಸರಿಯಾಗಿ ಹೊಡೆಯುವ ಕ್ಷಣಕ್ಕೆ. ಬಗ್ಗುವ ಮುಂಚೆ ಎರಡು ಸಲ ರೆಪ್ಪೆ ಪೂರ್ತಿ ಮುಚ್ಚಿ ತೆರೆಯುವುದು, ಕೊನೆಯ ಹಿಂಸೆಳೆತದ ಮೊದಲು ಮತ್ತೊಮ್ಮೆ ಮಿಟುಕಿಸುವುದು, ಇಷ್ಟನ್ನು ಅಭ್ಯಾಸಕ್ಕೆ ಸೇರಿಸಿಕೊಂಡರೆ ಅರ್ಧ ತೊಂದರೆ ಹೋಗುತ್ತದೆ. ಹನಿ ಬೇಕಿದ್ದರೆ ಲೆನ್ಸ್ ಮೇಲೆ ಹಾಕಬಹುದು ಎಂದು ಬರೆದಿರುವ, ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರು ಮಾತ್ರ. ಕೆಂಪು ಕಳೆಯುವ ಹನಿ ಬೇಡವೇ ಬೇಡ.

ಕರಾವಳಿಯಲ್ಲಿ ಹೆಚ್ಚಿನ ಎಚ್ಚರ

ನಮ್ಮಲ್ಲಿ ಕೈ ಬೆವರುವುದು ಜಾಸ್ತಿ, ಹಾಗಾಗಿ ಬ್ರಿಜ್ ಕೈಗೆ (ಟೇಬಲ್ ಮೇಲಿಟ್ಟು ಕ್ಯೂಗೆ ಆಧಾರ ಕೊಡುವ ಕೈ) ಪೌಡರ್ ಹಾಕುವವರೂ ಜಾಸ್ತಿ. ಆ ಪೌಡರ್, ಟೇಬಲ್ ಬಟ್ಟೆಯ ನಾರು, ಚಾಕ್ ಹುಡಿ ಮೂರೂ ಬೆರಳಿನಿಂದ ಕಣ್ಣಿಗೆ ಹೋಗುತ್ತವೆ. ಕ್ಯೂ ಚಾಕಿನಲ್ಲಿ ಉಜ್ಜುವ ಗುಣದ ಸಿಲಿಕಾದಂಥ ಕಣಗಳಿರುತ್ತವೆ; ಲೆನ್ಸ್ ಮತ್ತು ಕಾರ್ನಿಯಾ ನಡುವೆ ಸಿಕ್ಕಿದರೆ ಗೀರು ಗ್ಯಾರಂಟಿ. ಪೌಡರ್ ಬದಲು ಬಿಲಿಯರ್ಡ್ಸ್ ಕೈಗವಸು ವಾಸಿ. ಲೆನ್ಸ್ ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆದು, ನಾರು ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಬೇಕು. ಒದ್ದೆ ಕೈಯಲ್ಲಿ ಲೆನ್ಸ್ ಮುಟ್ಟಬಾರದು, ಯಾಕೆಂದರೆ ಮುಂದಿನ ಮಾತು ನೀರಿನದ್ದೇ.

ಮನೆಮನೆಗೂ ಬಾವಿ ಇರುವ ಊರು ನಮ್ಮದು, ‘ನಮ್ಮ ಬಾವಿ ನೀರು ಕುಡಿಯಲಿಕ್ಕೇ ಆಗ್ತದೆ’ ಎನ್ನುವ ಹೆಮ್ಮೆ ಬೇರೆ. ಆದರೂ ಬಾವಿ ನೀರಾಗಲಿ, ನಳ್ಳಿ ನೀರಾಗಲಿ, ಕುದಿಸಿ ಆರಿಸಿದ ನೀರಾಗಲಿ ಲೆನ್ಸಿಗೂ ಅದರ ಡಬ್ಬಿಗೂ ತಾಗಬಾರದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಏಕಕೋಶ ಜೀವಿ ಲೆನ್ಸಿಗೆ ಅಂಟಿ ಕಾರ್ನಿಯಾಕ್ಕೆ ಇಳಿದರೆ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ, ದೃಷ್ಟಿಯೇ ಹೋಗಬಹುದು. ಲೆನ್ಸ್ ಹಾಕಿ ಸ್ನಾನ ಇಲ್ಲ, ಪಣಂಬೂರು-ಮಲ್ಪೆಯಲ್ಲಿ ಸಮುದ್ರಕ್ಕೆ ಇಳಿಯುವುದೂ ಇಲ್ಲ. ತಿಂಗಳ ಲೆನ್ಸ್ ಬಳಸುವವರು ದ್ರಾವಣವನ್ನು ದಿನವೂ ಚೆಲ್ಲಿ ಹೊಸದು ಹಾಕಬೇಕು, ಡಬ್ಬಿಯನ್ನು ದ್ರಾವಣದಿಂದಲೇ ತೊಳೆದು ಮುಚ್ಚಳ ತೆಗೆದು ಬೋರಲಾಗಿ ಒಣಗಿಸಬೇಕು. ಮಳೆಗಾಲದಲ್ಲಿ ಏನೂ ಒಣಗದ ನಮ್ಮ ಮನೆಗಳಲ್ಲಿ ಬಚ್ಚಲಿನ ಕಪಾಟು ಅದಕ್ಕೆ ಜಾಗವಲ್ಲ. ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಾಯಿಸಿ. ಕಣ್ಣು ಕೆಂಪಾಗಿ ನೋವಿದ್ದರೆ, ಬೆಳಕು ಚುಚ್ಚಿದರೆ, ದೃಷ್ಟಿ ಮಂಜಾದರೆ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು, ತೆಗೆದ ಲೆನ್ಸ್ ಮತ್ತು ಡಬ್ಬಿ ಕೈಯಲ್ಲಿರಲಿ. ‘ಮದ್ರಾಸ್ ಐ’ ಇರಬೇಕು ಎಂದು ಮೆಡಿಕಲ್ ಅಂಗಡಿಯ ಹನಿ ಹಾಕಿಕೊಂಡು ಎರಡು ದಿನ ಕಾಯುವುದು ಲೆನ್ಸ್ ಹಾಕುವವರಿಗೆ ಸಲ್ಲದು.

ಲೆನ್ಸ್ ಬೇಡ ಎನ್ನುವವರಿಗೆ ಸ್ನೂಕರ್ ಕನ್ನಡಕ

1985ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಡೆನಿಸ್ ಟೇಲರ್ ಕೊನೆಯ ಫ್ರೇಮಿನ ಕೊನೆಯ ಕಪ್ಪು ಚೆಂಡಿನಲ್ಲಿ ಸ್ಟೀವ್ ಡೇವಿಸ್‌ರನ್ನು 18-17ರಿಂದ ಸೋಲಿಸಿದಾಗ ಅವರ ಮೂಗಿನ ಮೇಲೆ ತಲೆಕೆಳಗಾದಂತೆ ಕಾಣುವ ಅಗಲ ಕನ್ನಡಕವಿತ್ತು. ಅವರಿಗಿಂತ ಬಹಳ ಮೊದಲೇ ಫ್ರೆಡ್ ಡೇವಿಸ್ ಕೀಲಿನ ಮೇಲೆ ತಿರುಗುವ ಲೆನ್ಸಿನ ಕನ್ನಡಕ ಹಾಕಿ ವಿಶ್ವಪಟ್ಟ ಗೆದ್ದಿದ್ದರು. ನೋಡಲು ತಮಾಷೆ, ಮಾಡುವ ಕೆಲಸ ಮಾತ್ರ ಅಪ್ಪಟ ದೃಗ್ವಿಜ್ಞಾನ. ಲೆನ್ಸ್ ಎತ್ತರ ದೊಡ್ಡದು, ಬಹುಪಾಲು ಕಣ್ಣಿನಿಂದ ಮೇಲಕ್ಕೆ. ಕಡ್ಡಿಗಳು ಫ್ರೇಮಿನ ಕೆಳಭಾಗಕ್ಕೆ ಜೋಡಣೆ. ಲೆನ್ಸಿನ ಮೇಲಂಚು ಹಣೆಯ ಕಡೆಗೆ ವಾಲಿ ಬಗ್ಗಿದಾಗ ನೋಟಕ್ಕೆ ನೆಟ್ಟಗೆ ನಿಲ್ಲುತ್ತದೆ. ಮಧ್ಯಬಿಂದು ಮೇಲಕ್ಕೆ ಹೋಗಿರುತ್ತದೆ.

ಇಂಥ ಫ್ರೇಮ್ ಮಂಗಳೂರಿನ ಹಂಪನಕಟ್ಟೆಯ ಅಂಗಡಿಗಳ ಷೋಕೇಸಿನಲ್ಲಿ ಹುಡುಕುವುದು ವ್ಯರ್ಥ, ತರಿಸಬೇಕು. ಅಗ್ಗದ ದಾರಿಯೂ ಇದೆ. ಲೆನ್ಸಿನ ಎತ್ತರ 45 ಮಿ.ಮೀ. ಮೀರುವ, ಲೋಹದ, ಬಗ್ಗಿಸಬಹುದಾದ ಮೂಗಿನ ಪ್ಯಾಡ್ ಇರುವ ಫ್ರೇಮ್ ಆರಿಸಿ. ಪ್ಯಾಡ್‌ಗಳನ್ನು ಹತ್ತಿರ ತಂದರೆ ಫ್ರೇಮ್ 2-3 ಮಿ.ಮೀ. ಮೇಲೇಳುತ್ತದೆ. ಕಡ್ಡಿಯ ಬುಡದಲ್ಲಿ ಬಗ್ಗಿಸಿ ಕೆನ್ನೆ ಕಡೆಯ ವಾಲನ್ನು ತೆಗೆಸಿ. ಆಮೇಲೆ ಅಳತೆ: ಅಂಗಡಿಯ ಕೌಂಟರ್ ಟೇಬಲ್ಲಿನ ಎತ್ತರಕ್ಕೆ, ಅಂದರೆ 85-88 ಸೆಂ.ಮೀ.ಗೆ ಹತ್ತಿರವಿದ್ದರೆ ಅದರ ಮೇಲೆಯೇ ಕ್ಯೂ ಇಟ್ಟು ಬಗ್ಗಿ. ಇನ್ನೊಬ್ಬರು ಗುರಿಯ ಗೆರೆಯಲ್ಲಿ ಎದುರು ಕೂತು, ಖಾಲಿ ಲೆನ್ಸ್ ಮೇಲೆ ಪಾಪೆಯ ಜಾಗಕ್ಕೆ ಮಾರ್ಕರ್ ಚುಕ್ಕೆ ಇಡಬೇಕು, ಎರಡೂ ಕಣ್ಣಿಗೆ ಬೇರೆ ಬೇರೆಯಾಗಿ. ಲೆನ್ಸಿನ ಮಧ್ಯಬಿಂದು ಆ ಚುಕ್ಕೆಗೆ ಬರಬೇಕು ಎಂದು ಆರ್ಡರಿನಲ್ಲಿ ಬರೆಸಿ.

ಇಲ್ಲಿ ತೆಳ್ಳಗಿನ ಲೆನ್ಸಿನ ಆಸೆಗೆ ಬೀಳುವವರಿದ್ದಾರೆ. ಪಾಲಿಕಾರ್ಬೊನೇಟ್‌ನ ಆಬೆ ಸಂಖ್ಯೆ 30, ಸಾದಾ ಪ್ಲಾಸ್ಟಿಕ್ಕಿನದು 58. ಈ ಸಂಖ್ಯೆ ಚಿಕ್ಕದಾದಷ್ಟೂ ಮಧ್ಯ ಬಿಟ್ಟು ನೋಡುವಾಗ ಬಿಳಿ ಚೆಂಡಿನ ಅಂಚಿಗೆ ನೀಲಿ-ಕಿತ್ತಳೆ ಗೆರೆ ಅಂಟುತ್ತದೆ. ಪವರ್ ತೀರ ದೊಡ್ಡದಲ್ಲದಿದ್ದರೆ ಸಾದಾ 1.50 ಪ್ಲಾಸ್ಟಿಕ್, ಎರಡೂ ಬದಿಗೆ ಪ್ರತಿಫಲನ ತಡೆಯುವ ಲೇಪ, ಇಷ್ಟು ಸಾಕು. ಈ ಕನ್ನಡಕ ಕ್ಲಬ್ಬಿಗೆ ಮಾತ್ರ. ಎದುರು ನೋಡಿದರೆ ಮಧ್ಯಬಿಂದು ತಪ್ಪುವುದರಿಂದ ಇದನ್ನು ಹಾಕಿ ಸ್ಕೂಟರ್ ಹತ್ತಬಾರದು.

ನಲವತ್ತೈದು ದಾಟಿದ ಮೇಲೆ

50ರ ಕಣ್ಣಿಗೆ ಫೋಕಸ್ ಬದಲಿಸುವ ಶಕ್ತಿ ಉಳಿದಿರುವುದು ಸುಮಾರು 2 ಡಯಾಪ್ಟರ್, 80 ಸೆಂ.ಮೀ. ದೂರದ ಬಿಳಿ ಚೆಂಡು ನೋಡಲು 1.25 ಬೇಕು. ಆಗುತ್ತದೆ, ಆದರೆ ಬೇಗ ದಣಿಯುತ್ತದೆ. ಪ್ರೋಗ್ರೆಸಿವ್ ಕನ್ನಡಕದ ಕೆಳಭಾಗ ಓದುವ ಪವರಿನದ್ದಾದ್ದರಿಂದ ನಿಂತು ಟೇಬಲ್ ನೋಡುವಾಗ ಹಸಿರು ಬಟ್ಟೆಯೇ ಅಲೆಯಾಡುತ್ತದೆ. ಮಲ್ಟಿಫೋಕಲ್ ಕಾಂಟ್ಯಾಕ್ಟ್ ಲೆನ್ಸ್ ದೂರ-ಹತ್ತಿರ ಎರಡೂ ಚಿತ್ರವನ್ನು ಒಟ್ಟಿಗೇ ಕಣ್ಣಿಗೆ ಬಿಡುತ್ತದೆ, ಚೆಂಡಿನ ಸುತ್ತ ನೆರಳು ಮೂಡುತ್ತದೆ. ಒಂದು ಕಣ್ಣಿಗೆ ದೂರ, ಇನ್ನೊಂದಕ್ಕೆ ಹತ್ತಿರ ಎಂಬ ಮಾನೋವಿಷನ್ ಕಚೇರಿಗೆ ಚಂದ, ಸ್ನೂಕರಿಗೆ ಅಲ್ಲ.

ಕೆಲಸ ಮಾಡುವುದು ಇದಕ್ಕಿಂತ ಸಾದಾ ಉಪಾಯ: ಒಂದೇ ಪವರಿನ ಲೆನ್ಸ್, ದೂರದ ಪವರಿಗೆ ಪ್ಲಸ್ 0.50 ಸೇರಿಸಿ. ಫೋಕಸ್ 2 ಮೀಟರಿಗೆ ಬರುತ್ತದೆ. 3 ಮೀಟರಿನ ಚೆಂಡಿಗೆ 0.17 ಮಾತ್ರ ಕೊರತೆ, ಬಿಳಿ ಚೆಂಡಿಗೆ ಬೇಕಾದ ಶ್ರಮ 1.25ರಿಂದ 0.75ಕ್ಕೆ ಇಳಿಯುತ್ತದೆ. ಸ್ಕೋರ್ ಬರೆಯಲು ಜೇಬಿನಲ್ಲಿ ಚಾಳೀಸು ಇರಲಿ. ವಯಸ್ಸಾಯಿತು ಎಂದು ಕ್ಯೂ ಮೂಲೆಗಿಡುವವರು 2025 ನೆನಪಿಸಿಕೊಳ್ಳಬಹುದು: ಆ ವರ್ಷದ ವಿಶ್ವ ಫೈನಲ್ ತಲುಪಿದಾಗ ಮಾರ್ಕ್ ವಿಲಿಯಮ್ಸ್‌ಗೆ 50.

ಪವರ್ ಬದಲಿಸುವಾಗ ಗುರಿ ಹಿಡಿಯುವ ಕಣ್ಣು ಯಾವುದೆಂದು ಮೊದಲೇ ತಿಳಿದಿರಲಿ. ಎರಡು ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ, ತೋಳು ಚಾಚಿ, 3 ಮೀಟರ್ ದೂರದ ಚೆಂಡನ್ನು ಕಿಂಡಿಯಲ್ಲಿ ಹಿಡಿದು ಒಂದೊಂದೇ ಕಣ್ಣು ಮುಚ್ಚಿ. ಯಾವುದನ್ನು ಮುಚ್ಚಿದಾಗ ಚೆಂಡು ಮಾಯವಾಗುತ್ತದೋ ಅದೇ ಆ ಕಣ್ಣು. ಬಲಗಣ್ಣು ದುರ್ಬಲವಾಗಿದ್ದ ಜೋ ಡೇವಿಸ್ ಕ್ಯೂವನ್ನು ಎಡಗಣ್ಣಿನ ಕೆಳಗೆ ಓಡಿಸಿಯೇ 15 ವಿಶ್ವಪಟ್ಟ ಗೆದ್ದರು. ವರ್ಷಗಟ್ಟಲೆ ಒಂದು ಕಣ್ಣಿಗೆ ಕಡಿಮೆ ಪವರ್ ಹಾಕಿ ಆಡಿದವರು ಎರಡನ್ನೂ ಪೂರ್ತಿ ಸರಿಮಾಡಿಸಿಕೊಂಡರೆ ಗುರಿಯ ಗೆರೆ ಸರಿದಂತೆ ಅನ್ನಿಸಬಹುದು. ಟೂರ್ನಿಯ ಮುಂಚಿನ ದಿನ ಹೊಸ ಲೆನ್ಸ್ ಬೇಡ. ಕೆಲವು ವಾರ ನೇರ ಹೊಡೆತಗಳನ್ನಷ್ಟೇ ಅಭ್ಯಾಸ ಮಾಡಿ.

ಲೇಸರ್ ಶಸ್ತ್ರಚಿಕಿತ್ಸೆ ಭಂಗಿಯ ತೊಂದರೆಯನ್ನೆಲ್ಲ ಒಂದೇ ಏಟಿಗೆ ತೆಗೆಯುತ್ತದೆ, ಆದರೆ ಕೆಲವು ತಿಂಗಳು ಕಣ್ಣು ಒಣಗುವುದು ಸಾಮಾನ್ಯ, ನಲವತ್ತರ ನಂತರದ ಹತ್ತಿರದ ಮಸುಕಿಗೆ ಅದು ಮದ್ದಲ್ಲ. ಒಂದು ವರ್ಷವಾದರೂ ಪವರ್ ಬದಲಾಗದೆ ನಿಂತಿರಬೇಕು. ತಪಾಸಣೆಗೆ ಮೊದಲು ಮೆತ್ತನೆಯ ಲೆನ್ಸನ್ನು ಒಂದೆರಡು ವಾರ, ಗಟ್ಟಿ ಲೆನ್ಸನ್ನು ಇನ್ನೂ ಹೆಚ್ಚು ಕಾಲ ಬಿಟ್ಟಿರಬೇಕು. ಕಣ್ಣಿನ ಪೊರೆ ತೆಗೆಸುವವರು ಒಳಗೆ ಹಾಕುವ ಲೆನ್ಸ್ ನಿರ್ಧಾರವಾಗುವ ಮೊದಲೇ ಸ್ನೂಕರ್ ವಿಷಯ ಹೇಳಬೇಕು. ಮಲ್ಟಿಫೋಕಲ್ ಬದಲು ಒಂದೇ ಫೋಕಸಿನ ಲೆನ್ಸ್ ಕೇಳಿ, ಫೋಕಸನ್ನು 2-3 ಮೀಟರಿಗೆ ಹೊಂದಿಸಲು ಸಾಧ್ಯವೇ ಎಂದು ವಿಚಾರಿಸಿ.

ಬಣ್ಣಗುರುಡಿಗೆ ಮಾತ್ರ ಈ ಯಾವ ಲೆನ್ಸೂ ಉತ್ತರವಲ್ಲ. 2002ರ ವಿಶ್ವ ಚಾಂಪಿಯನ್ ಪೀಟರ್ ಎಬ್ಡನ್‌ಗೆ ಕಂದು ಮತ್ತು ಕೆಂಪು ಚೆಂಡುಗಳನ್ನು ಬೇರ್ಪಡಿಸುವುದೇ ಕಷ್ಟವಾಗಿತ್ತು. ಹಳದಿ ಅಥವಾ ಕಿತ್ತಳೆ ಛಾಯೆಯ ಕನ್ನಡಕ ಹಾಕಿದರೆ ಗೊಂದಲ ಹೆಚ್ಚಲೂಬಹುದು. ಬಿಳಿ ಚೆಂಡಿಗೆ ಕ್ಯೂ ತಾಗಿಸುವ ಮೊದಲು ರೆಫರಿಯನ್ನು ಕೇಳಿ; ಚೆಂಡಿನ ಬಣ್ಣ ಯಾವುದೆಂದು ಕೇಳಿದರೆ ಅವರು ಹೇಳಲೇಬೇಕು ಎನ್ನುವುದು ನಿಯಮದಲ್ಲೇ ಇದೆ.